ವೀತರಾಗಸ್ತುತಿಯಲ್ಲಿ ರಾಗದ ಸ್ಥಾನ

ಗಾಯಕರು ತಮ್ಮ ಹಾಡಿನಲ್ಲಿ ಧರ್ಮವನ್ನು ಏಕೆ ತರುತ್ತಾರೆಂಬ ಪ್ರಶ್ನೆ ಭಕ್ತಿಮಾರ್ಗದ ಇತರ ಮತಗಳಲ್ಲಿ ಅಷ್ಟು ತೊಡಕಿನದಲ್ಲ. ಭಗವಂತನು ಹಾಡಿಗೆ ಒಲಿಯುವನೆಂದು ನಂಬಿದವರು ಅವನನ್ನು ಒಲಿಸಲು ಹಾಡುತ್ತಾರೆ. ಜೈನರಿಗೆ ಈ ಉತ್ತರ ಸಲ್ಲದು. ಜಿನನು ವೀತರಾಗನು, ಸ್ತುತಿಗೆ ಒಲಿಯನು, ನಿಂದೆಗೆ ಮುನಿಯನು. ಮೇಲಾಗಿ 'ರಾಗ'ವೆಂಬ ಒಂದೇ ಶಬ್ದವು ಗಾಯಕನ ಸ್ವರವಿಶೇಷವನ್ನೂ ಕರ್ಮಬಂಧಕ್ಕೆ ಕಾರಣವಾದ ಆಸಕ್ತಿಯನ್ನೂ ಸೂಚಿಸುತ್ತದೆ. ಹೀಗಿದ್ದೂ ಜೈನಕವಿಗಳು ಹಾಡನ್ನು ಕೈಬಿಡಲಿಲ್ಲ. ಇದರ ಕಾರಣವನ್ನು ಇಲ್ಲಿ ವಿಚಾರಿಸಲಾಗಿದೆ.

ನಮ್ಮ ಪೂರ್ವಾಚಾರ್ಯರು ಸಂಗೀತವನ್ನು ಬಲ್ಲವರೇ ಆಗಿದ್ದರು. ಪುನ್ನಾಟಸಂಘದ ಜಿನಸೇನರು ಶಕ 705ರಲ್ಲಿ (ಕ್ರಿ.ಶ. 783) ರಚಿಸಿದ ಹರಿವಂಶಪುರಾಣದಲ್ಲಿ, ವಸುದೇವನು ಗಂಧರ್ವದತ್ತೆಯನ್ನು ವೀಣಾವಾದನದಿಂದ ಗೆಲ್ಲುವ ಸಂದರ್ಭದಲ್ಲಿ, ಗಾಂಧರ್ವಶಾಸ್ತ್ರವನ್ನೇ ವಿಸ್ತರಿಸಿದ್ದಾರೆ. 'ಸಂಗೀತಸಮಯಸಾರ'ವನ್ನು ರಚಿಸಿದ ಪಾರ್ಶ್ವದೇವನೂ ಜೈನನೇ.

ಬಲ್ಲವರಾದ್ದರಿಂದಲೇ ಅವರು ಅದರ ಅಪಾಯವನ್ನೂ ಅರಿತಿದ್ದರು. 1209ರಲ್ಲಿ ಜನ್ನನು ರಚಿಸಿದ ಯಶೋಧರಚರಿತೆಯಲ್ಲಿ ಅಮೃತಮತಿಯು ಮಾವುತನಾದ ಅಷ್ಟಾವಂಕನಿಗೆ ಸೋಲುವುದು ಅವನ ರೂಪವನ್ನು ಕಂಡಲ್ಲ. ಇರುಳಿನಲ್ಲಿ ಅವನ ಹಾಡನ್ನು ಕೇಳಿ. ಆತನು ವಿಕಾರರೂಪಿಯೆಂದು ದೂತಿ ಬಂದು ಹೇಳಿದ ಮೇಲೂ ಆ ಮೋಹವು ಹರಿಯುವುದಿಲ್ಲ. ಇದಕ್ಕೆ ಪ್ರತಿಯಾಗಿ, 941ರ ಪಂಪನ ಆದಿಪುರಾಣದಲ್ಲಿ ನೀಲಾಂಜನೆಯ ನೃತ್ಯವು ವೃಷಭನಾಥನ ವೈರಾಗ್ಯಕ್ಕೆ ನಿಮಿತ್ತವಾಗುತ್ತದೆ. ಗೀತನೃತ್ಯಗಳು ಒಬ್ಬರಿಗೆ ಬಂಧಹೇತುವಾಗಿ ಮತ್ತೊಬ್ಬರಿಗೆ ಬಿಡುಗಡೆಯ ನಿಮಿತ್ತವಾದುವು. ಕೇಳುವ, ನೋಡುವ ಜೀವದ ಪರಿಣಾಮವೇ ಇಲ್ಲಿ ನಿರ್ಣಾಯಕವೆಂಬುದು ಸ್ಪಷ್ಟ.

ಇದರ ಶಾಸ್ತ್ರಾಧಾರವು ಕುಂದಕುಂದಾಚಾರ್ಯರ ಪಂಚಾಸ್ತಿಕಾಯದಲ್ಲಿ ದೊರೆಯುತ್ತದೆ. ಅರ್ಹಂತ, ಸಿದ್ಧ, ಸಾಧುಗಳಲ್ಲಿ ಭಕ್ತಿ ಮೊದಲಾದುವನ್ನು ಅವರು ಪ್ರಶಸ್ತರಾಗವೆಂದು ಕರೆದಿದ್ದಾರೆ. ಟೀಕಾಕಾರರಾದ ಅಮೃತಚಂದ್ರಸೂರಿಗಳು ಇನ್ನೂ ಮುಂದೆ ಹೋಗಿ, ಮೇಲಿನ ಭೂಮಿಕೆಯಲ್ಲಿ ನೆಲೆ ದೊರೆಯದ ಜ್ಞಾನಿಗೂ ಒಮ್ಮೊಮ್ಮೆ ಇಂತಹ ರಾಗವುಂಟಾಗುತ್ತದೆ, ಅಸ್ಥಾನದಲ್ಲಿ ರಾಗವು ಹರಿಯದಂತೆ ತಡೆಯುವುದು ಅದರ ಪ್ರಯೋಜನಗಳಲ್ಲೊಂದು ಎಂದು ವಿವರಿಸುತ್ತಾರೆ. ನಮ್ಮ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ಬೇರಿಲ್ಲ. ಅಮೃತಮತಿಯ ರಾಗವು ಅಸ್ಥಾನಕ್ಕೆ ಹರಿಯಿತು. ಜಿನಗುಣವನ್ನು ಹಾಡುವವನು ಅದೇ ರಾಗಕ್ಕೆ ಸ್ಥಾನವನ್ನು ಕಲ್ಪಿಸುತ್ತಾನೆ. ಜಿನನಿಗೆ ಪೂಜೆಯಿಂದ ಆಗಬೇಕಾದುದೇನೂ ಇಲ್ಲದಿದ್ದರೂ ಆತನ ಗುಣಸ್ಮರಣೆಯಿಂದ ನಮ್ಮ ಚಿತ್ತವು ಶುದ್ಧವಾಗುವುದೆಂದು ಸಮಂತಭದ್ರಾಚಾರ್ಯರು ಸ್ವಯಂಭೂಸ್ತೋತ್ರದಲ್ಲಿ ಹೇಳಿರುವುದೂ ಇದೇ ಅಭಿಪ್ರಾಯವನ್ನು.

ಈ ತತ್ತ್ವವನ್ನು ಕನ್ನಡದಲ್ಲಿ ಹಾಡಿಗೆ ಅಳವಡಿಸಿದವನು ಮೂಡಬಿದಿರೆಯ ರತ್ನಾಕರವರ್ಣಿ. 16ನೆಯ ಶತಮಾನದಲ್ಲಿ, ಹರಿದಾಸರ ಪದಗಳು ನಾಡಿನಲ್ಲಿ ಹರಡುತ್ತಿದ್ದ ಕಾಲದಲ್ಲಿ, ಈತನು ಚಂಪುವನ್ನು ಬಿಟ್ಟು ಹಾಡಲು ಒಗ್ಗುವ ಸಾಂಗತ್ಯದಲ್ಲಿ ಭರತೇಶವೈಭವವನ್ನು ಬರೆದನು. ಸುಮಾರು 10,000 ಪದ್ಯಗಳ ಈ ಕಾವ್ಯದಲ್ಲಿ ಭರತನ ಆಸ್ಥಾನದ ಗಾಯಕರು ಹಾಡುವ ವಿಷಯ ಆತ್ಮತತ್ತ್ವ. ಚಂಪೂಕಾವ್ಯವನ್ನು ಓದಲಾರದ ಶ್ರಾವಕ ಶ್ರಾವಿಕೆಯರಿಗೂ ಶಾಸ್ತ್ರವು ಕಿವಿಯ ಮೂಲಕ ತಲುಪಲು ಇದರಿಂದ ದಾರಿಯಾಯಿತು. ಆತನ ಬಿಡಿಹಾಡುಗಳು 'ಅಣ್ಣನ ಪದ'ಗಳೆಂದೇ ಪ್ರಸಿದ್ಧವಾದುವು.

ಆದರೆ ಒಂದು ಎಚ್ಚರಿಕೆಯನ್ನು ಮರೆಯಲಾಗದು. ಪ್ರಶಸ್ತರಾಗವು ಪುಣ್ಯಾಸ್ರವಕ್ಕೆ ಕಾರಣವೇ ಹೊರತು ಕರ್ಮಕ್ಷಯಕ್ಕಲ್ಲವೆಂದು ಅದೇ ಪಂಚಾಸ್ತಿಕಾಯವು ನಿರ್ಣಯಿಸುತ್ತದೆ. ಹಾಡು ಬಾಗಿಲವರೆಗೆ ಕರೆದೊಯ್ಯಬಲ್ಲುದು. ಒಳಹೊಗುವವನು ಅದನ್ನೂ ಬಿಟ್ಟೇ ಹೋಗಬೇಕು.

ಈ ಕಾರಣದಿಂದ ಹಾಡನ್ನು ಕೀಳೆಂದು ಬಗೆಯುವುದು ಯುಕ್ತವಲ್ಲ. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳ 'ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ' 1948ರಲ್ಲಿ ಪ್ರಕಟವಾಗಿ ನಮ್ಮ ಭಂಡಾರಗಳ ಮೇಲೆ ಬೆಳಕು ಚೆಲ್ಲಿತು. ಆ ಹಾದಿಯಲ್ಲಿ ನಡೆಯುವವರು ಹಾಡಿನ ಕಟ್ಟುಗಳನ್ನು 'ಬಿಡಿ ಓಲೆ'ಗಳೆಂದು ಬದಿಗಿಡಬಾರದು. ಹಾಡಿನ ತಲೆಯಲ್ಲಿ ರಾಗತಾಳಗಳ ಹೆಸರಿದ್ದರೆ ಅದನ್ನೂ ಪಾಠದೊಡನೆ ದಾಖಲಿಸಬೇಕು. ಓಲೆಯಲ್ಲಿ ಉಳಿದಿರುವುದು ಅಕ್ಷರ ಮಾತ್ರ. ಧಾಟಿಯು ಹಾಡಿಕೊಂಡು ಬಂದ ಹಿರಿಯರ ಕಂಠದಲ್ಲಿದೆ. ಅವರು ಇರುವಾಗಲೇ ಓಲೆಯನ್ನು ಅವರ ಮುಂದಿಟ್ಟು ಕೇಳಿ ಬರೆದುಕೊಳ್ಳುವುದು ನಮ್ಮ ಕರ್ತವ್ಯ.