ಕಾರ್ಖಾನೆ ಮುಚ್ಚಿದರೂ ನಿಲ್ಲದ ಎಂಜಿನ್

ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಭಾನುವಾರ ಬೆಳಿಗ್ಗೆ ಇಂದಿಗೂ ಆಗೊಮ್ಮೆ ಈಗೊಮ್ಮೆ ಕಾಣಸಿಗುವ ದೃಶ್ಯವಿದು. ಮನೆಯ ಮುಂದೆ ಹಾಸಿದ ಗೋಣಿಚೀಲ, ಅದರ ಮೇಲೆ ಸಾಲಾಗಿ ಜೋಡಿಸಿದ ಪಾನಾಗಳು, ಡಬ್ಬಿಯಲ್ಲಿ ಪೆಟ್ರೋಲಿಗೆ ಹಾಕಿಟ್ಟ ಕಾರ್ಬುರೇಟರ್. ಪಕ್ಕದಲ್ಲಿ ನಿಂತಿರುವುದು ಜಾವಾ, ಇಲ್ಲವೇ ಯೆಜ್ಡಿ. ಅದನ್ನು ತಯಾರಿಸಿದ ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ. ಹಾಗಾದರೆ ಈ ಗಾಡಿಗಳು ಇನ್ನೂ ಓಡುತ್ತಿರುವುದು ಹೇಗೆ?

ಜಾವಾ ಮೂಲತಃ ಚೆಕೊಸ್ಲೊವಾಕಿಯಾದ್ದು. 1929ರಲ್ಲಿ ಫ್ರಾಂಟಿಷೆಕ್ ಯಾನೆಚೆಕ್ ಎಂಬ ಉದ್ಯಮಿ ಜರ್ಮನಿಯ ವಾಂಡರರ್ ಸಂಸ್ಥೆಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡಾಗ, ಎರಡು ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿ ಇಟ್ಟ ಹೆಸರದು. ಇರಾನಿ ಕುಟುಂಬ ಮೈಸೂರಿನಲ್ಲಿ ಸ್ಥಾಪಿಸಿದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಈ ಗಾಡಿಗಳ ತಯಾರಿಕೆ ಆರಂಭವಾಯಿತು. ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಎಂದಾಯಿತು. ಆದರೆ ಎಂಜಿನ್ನಿನ ಮೂಲ ಸ್ವಭಾವ ಬದಲಾಗಲಿಲ್ಲ.

ಆ ಸ್ವಭಾವದಲ್ಲೇ ನಮ್ಮ ಪ್ರಶ್ನೆಗೆ ಅರ್ಧ ಉತ್ತರವಿದೆ. ಇದು ಟೂ ಸ್ಟ್ರೋಕ್ ಎಂಜಿನ್. ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. 65 ಮಿಲಿಮೀಟರ್ ಅಗಲದ ಒಂದೇ ಸಿಲಿಂಡರ್, ಅದರ ಗೋಡೆಯಲ್ಲಿ ಕೆಲವು ಕಿಂಡಿಗಳು. ಮೇಲೆ ಕೆಳಗೆ ಓಡಾಡುವ ಪಿಸ್ಟನ್ನೇ ಆ ಕಿಂಡಿಗಳನ್ನು ಮುಚ್ಚಿ ತೆರೆಯುವ ಬಾಗಿಲು. ಕಾರ್ಬುರೇಟರಿನಿಂದ ಬಂದ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಮೊದಲು ಪಿಸ್ಟನ್ ಕೆಳಗಿನ ಕ್ರ್ಯಾಂಕ್ ಕೋಣೆಗೆ ಹೋಗಿ, ಅಲ್ಲಿಂದ ಒತ್ತಡಕ್ಕೆ ಸಿಲಿಂಡರಿಗೆ ಏರುತ್ತದೆ. ಪೆಟ್ರೋಲಿಗೆ ಬೆರೆಸಿದ ಆಯಿಲ್ಲೇ ಒಳಭಾಗಗಳಿಗೆ ಜಿಡ್ಡು.

ಹೀಗಾಗಿ ರೋಗಪತ್ತೆಗೂ ಒಂದು ಕ್ರಮವಿದೆ. ಗಾಡಿ ಸ್ಟಾರ್ಟ್ ಆಗದಿದ್ದರೆ ಮೊದಲು ಪ್ಲಗ್ ಬಿಚ್ಚಿ ನೋಡಬೇಕು. ಒದ್ದೆಯಾಗಿದ್ದರೆ ಪೆಟ್ರೋಲ್ ಬರುತ್ತಿದೆ, ಕಿಡಿಯನ್ನು ನೋಡಿ. ಒಣಗಿದ್ದರೆ ಕಾರ್ಬುರೇಟರ್ ನೋಡಿ. ಕಿಡಿ ಸಾಲದಿದ್ದರೆ ಪಾಯಿಂಟುಗಳನ್ನು ಉಜ್ಜಿ ಅಂತರ ಸರಿಪಡಿಸಬೇಕು. ಏರು ಹತ್ತಲಾರದೆ ಗಾಡಿ ಏದುಸಿರು ಬಿಟ್ಟರೆ ಸೈಲೆನ್ಸರಿನಲ್ಲಿ ಮಸಿ ಕಟ್ಟಿರಬಹುದು. ಅತಿಯಾಗಿ ಬಿಳಿ ಹೊಗೆ ಕಾರುತ್ತ ಗೇರ್ ಬಾಕ್ಸಿನ ಆಯಿಲ್ ಕಡಿಮೆಯಾಗುತ್ತಿದ್ದರೆ, ಕ್ರ್ಯಾಂಕ್ ಕೋಣೆಯ ಎಡಬದಿಯ ಸೀಲ್ ಸವೆದು ಆ ಆಯಿಲ್ಲನ್ನು ಎಂಜಿನ್ ಹೀರಿಕೊಳ್ಳುತ್ತಿದೆ ಎಂದರ್ಥ. ಬಲಬದಿಯ ಸೀಲ್ ಹೋದರೆ ಗಾಳಿ ಒಳನುಗ್ಗಿ ಎಂಜಿನ್ ತಾನೇ ತಾನಾಗಿ ಕೂಗತೊಡಗುತ್ತದೆ. ಅಲಕ್ಷಿಸಿದರೆ ಪಿಸ್ಟನ್ ಕಾದು ಜಾಮ್ ಆಗುವ ಅಪಾಯವಿದೆ.

ಸಿಲಿಂಡರ್ ಬಿಚ್ಚಿ ರಿಂಗ್ ಬದಲಿಸುವುದೂ ಮನೆಯಲ್ಲೇ ಆಗುವ ಕೆಲಸ. ಎಚ್ಚರ ಮಾತ್ರ ಬೇಕು. ರಿಂಗಿನ ತುದಿಗಳು ಪಿಸ್ಟನ್ ಮೇಲಿನ ಪುಟ್ಟ ಪಿನ್ನಿಗೆ ಸರಿಯಾಗಿ ಕೂರದಿದ್ದರೆ, ಅಥವಾ ಪಿಸ್ಟನ್ ತಿರುವುಮುರುವಾದರೆ, ರಿಂಗ್ ಕಿಂಡಿಗೆ ಸಿಕ್ಕಿ ಮುರಿಯುತ್ತದೆ. ಸವೆದ ಸಿಲಿಂಡರನ್ನು ಕೊರೆಸಿ ದೊಡ್ಡ ಪಿಸ್ಟನ್ ಹಾಕಬೇಕಾದಾಗ, ಕ್ರ್ಯಾಂಕ್ ಬಿಚ್ಚಿ ಕನೆಕ್ಟಿಂಗ್ ರಾಡ್ ಬದಲಿಸಬೇಕಾದಾಗ ಮಾತ್ರ ಯಂತ್ರಗಳಿರುವ ವರ್ಕ್‌ಶಾಪಿನ ಬಾಗಿಲು ತಟ್ಟಲೇಬೇಕು. ಕ್ರ್ಯಾಂಕನ್ನು ಕೂದಲೆಳೆಯಷ್ಟೂ ವಾಲದಂತೆ ಮತ್ತೆ ಜೋಡಿಸುವುದು ಪುಸ್ತಕ ಓದಿ ಬರುವ ವಿದ್ಯೆಯಲ್ಲ, ಕೈಯಿಂದ ಕೈಗೆ ದಾಟಿ ಬಂದದ್ದು.

ಟೂ ಸ್ಟ್ರೋಕಿಗೆ ದೋಷವಿಲ್ಲವೆಂದಲ್ಲ. ಪೂರ್ತಿ ಉರಿಯದ ಪೆಟ್ರೋಲ್ ಮತ್ತು ಆಯಿಲ್ ಹೊಗೆಯಾಗಿ ಹೊರಬರುತ್ತವೆ. ತೊಂಬತ್ತರ ದಶಕದಲ್ಲಿ ಮಾಲಿನ್ಯದ ನಿಯಮಗಳು ಬಿಗಿಯಾಗುತ್ತ ಬಂದವು. ಹೆಚ್ಚು ಮೈಲೇಜ್ ಕೊಡುವ ಹಗುರ ಗಾಡಿಗಳತ್ತ ಜನ ಆಗಲೇ ವಾಲಿದ್ದರು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರುಗಳು ಮತ್ತೆ ಮಾರುಕಟ್ಟೆಗೆ ಬಂದವು. ಆದರೆ ಅವು ಮಧ್ಯಪ್ರದೇಶದ ಪೀತಂಪುರದಲ್ಲಿ ತಯಾರಾದ ಫೋರ್ ಸ್ಟ್ರೋಕ್ ಗಾಡಿಗಳು. ಪೆಟ್ರೋಲಿನ ಅಳತೆಯನ್ನು ಅವುಗಳಲ್ಲಿ ನೋಡಿಕೊಳ್ಳುವುದು ಎಲೆಕ್ಟ್ರಾನಿಕ್ಸ್.

ಹೆಸರು ಮರಳಿ ಬರಬಹುದು, ಬಿಡಿಭಾಗವನ್ನೂ ಹೊಸದಾಗಿ ಎರಕ ಹೊಯ್ಯಬಹುದು. ಎಂಜಿನ್ನಿನ ಸದ್ದು ಕೇಳಿಯೇ ಯಾವ ಸೀಲ್ ಹೋಗಿದೆ ಎಂದು ಹೇಳುವ ಕಿವಿಯನ್ನು ಎರಕ ಹೊಯ್ಯಲಾಗದು. ಮನೆ ಮುಂದಿನ ಆ ಗೋಣಿಚೀಲದ ಸುತ್ತ ಮಕ್ಕಳೂ ಕೂತು ಪಾನಾ ಹಿಡಿದರೆ ಮಾತ್ರ ಆ ವಿದ್ಯೆ ಉಳಿದೀತು.