ಕಾಲಿನ ಲೆಕ್ಕ: ಕುಣಿಗಲ್ ಕುದುರೆಯಿಂದ ಐಸ್ ಮೇಲಿನ ಹೆಜ್ಜೆವರೆಗೆ

ತುಮಕೂರಿನಿಂದ ಮಾತಾಡ್ತಿದ್ದೀನಿ. ಇವತ್ತಿನ ವಿಷಯ ಫಿಗರ್ ಸ್ಕೇಟಿಂಗ್. ನಮ್ಮ ಕಡೆ ಐಸ್ ಅಂದ್ರೆ ಐಸ್ ಕ್ಯಾಂಡಿ, ಅಷ್ಟೇ. ಆದ್ರೆ ರೀಲ್ಸ್ ನೋಡೋರಿಗೆ ಈ ಕ್ಲಿಪ್‌ಗಳು ಗೊತ್ತಿರುತ್ತೆ: ಸ್ಕೇಟರ್ ಕಾಲನ್ನ ಮಾತ್ರ ಜೂಮ್ ಮಾಡಿ, ವಿಡಿಯೋನ ನಿಧಾನ ಮಾಡಿ, ಈ ಹೆಜ್ಜೆ ಸರಿ, ಆ ಹೆಜ್ಜೆ ತಪ್ಪು ಅಂತ ಗುರುತು ಹಾಕಿರ್ತಾರೆ.

ಕಾಲಿನ ಓಟವನ್ನ ಹೀಗೆ ನಿಲ್ಲಿಸಿ ನೋಡೋ ಅಭ್ಯಾಸ ಎಲ್ಲಿಂದ ಬಂತು? ನಿಧಾನ ಮಾಡಿದ ತಕ್ಷಣ ಸತ್ಯ ಸಿಕ್ಕಿಬಿಡುತ್ತಾ? ಇವೆರಡೇ ಇವತ್ತಿನ ಪ್ರಶ್ನೆ.

ಮೊದಲ ಪ್ರಶ್ನೆಗೆ ಉತ್ತರ ಕುದುರೆಯಿಂದ ಶುರುವಾಗುತ್ತೆ. ಕುದುರೆ ಅಂದ್ರೆ ನಮ್ಮ ಜಿಲ್ಲೆಯವರಿಗೆ ನೆನಪಾಗೋದು ಕುಣಿಗಲ್ ಸ್ಟಡ್ ಫಾರ್ಮ್. ಟಿಪ್ಪುವಿನ ಸೈನ್ಯಕ್ಕೆ ಕುದುರೆ ಬೆಳೆಸಿದ ಜಾಗ ಅಂತ ಹೆಸರು ಅದಕ್ಕೆ. 1799ರ ನಂತರ ಬ್ರಿಟಿಷರ ಕೈಗೆ ಹೋಯ್ತು, ಆಮೇಲೆ ರೇಸ್ ಕುದುರೆಗಳ ತಳಿ ಕೇಂದ್ರ ಆಯ್ತು. ಇನ್ನು ನಮ್ಮ ಭಾಷೆನೇ ನೋಡಿ: ಕುದುರೆ ಜೋರಾಗಿ ಓಡೋದಕ್ಕೆ 'ನಾಗಾಲೋಟ' ಅಂತೀವಿ. ನಾಗಾಲು ಅಂದ್ರೆ ನಾಲ್ಕು ಕಾಲು. ಕಾಲಿನ ಲೆಕ್ಕ ಪದದಲ್ಲೇ ಇದೆ. ಆದ್ರೆ ಆ ನಾಲ್ಕು ಕಾಲು ಯಾವ ಕ್ರಮದಲ್ಲಿ ನೆಲ ಮುಟ್ಟುತ್ತೆ, ನಾಲ್ಕೂ ಒಟ್ಟಿಗೆ ಗಾಳಿಯಲ್ಲಿರೋ ಕ್ಷಣ ಇದೆಯಾ ಅಂತ ಕೇಳಿದ್ರೆ, ದಿನಾ ಕುದುರೆ ಜೊತೆ ಇರೋನೂ ಬರೀ ಕಣ್ಣಲ್ಲಿ ನೋಡಿ ಖಚಿತವಾಗಿ ಹೇಳೋದು ಕಷ್ಟ.

ಇದೇ ಪ್ರಶ್ನೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲೂ ಎದ್ದಿತ್ತು. ಲೀಲಂಡ್ ಸ್ಟ್ಯಾನ್‌ಫರ್ಡ್ ಅನ್ನೋ ರೈಲ್ವೆ ಶ್ರೀಮಂತ ಎಡ್ವರ್ಡ್ ಮೈಬ್ರಿಜ್ ಅನ್ನೋ ಫೋಟೊಗ್ರಾಫರ್‌ಗೆ ಕೆಲಸ ಕೊಟ್ಟ. 1878ರ ಜೂನ್‌ನಲ್ಲಿ ಮೈಬ್ರಿಜ್ ಓಟದ ಹಾದಿ ಪಕ್ಕ 12 ಕ್ಯಾಮೆರಾ ಸಾಲಾಗಿ ಇಟ್ಟು, ಹಾದಿಗೆ ಅಡ್ಡ ದಾರ ಕಟ್ಟಿದ. ಕುದುರೆ ದಾಟಿದ ಹಾಗೆ ಒಂದೊಂದೇ ಕ್ಯಾಮೆರಾ ಕ್ಲಿಕ್ ಆಯ್ತು. ಉತ್ತರ ಸಿಕ್ತು: ನಾಲ್ಕೂ ಕಾಲು ಗಾಳಿಯಲ್ಲಿರೋ ಕ್ಷಣ ಇದೆ. ಆದ್ರೆ ಅದು ಚಿತ್ರಕಾರರು ಬರೀತಿದ್ದ ಹಾಗೆ ಕಾಲು ಹಿಂದೆ ಮುಂದೆ ಚಾಚಿದಾಗ ಅಲ್ಲ, ಹೊಟ್ಟೆ ಕೆಳಗೆ ಮಡಚಿದಾಗ. ಅಂದ್ರೆ ಎಷ್ಟೋ ಕಾಲ ದೊಡ್ಡ ದೊಡ್ಡ ಕಲಾವಿದರು ಬರೆದ ಓಡೋ ಕುದುರೆಗಳ ಕಾಲೇ ತಪ್ಪಾಗಿತ್ತು.

ಸರಿ, ಬಿಡಿ ಬಿಡಿ ಚಿತ್ರ ಸಿಕ್ತು. ಅದು ನಿಧಾನ ಓಡೋ ವಿಡಿಯೋ ಆಗಿದ್ದು ಹೇಗೆ? ಇದಕ್ಕೆ ಗುಬ್ಬಿ ಕಡೆ ಹೋಗೋಣ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿ ನಾಟಕಗಳ ಬಗ್ಗೆ ಕೇಳಿರ್ತೀರಿ, 'ಕುರುಕ್ಷೇತ್ರ'ಕ್ಕೆ ನಿಜವಾದ ಆನೆ, ಕುದುರೆ ತಂದಿದ್ದ ಕಂಪನಿ. ಅದೇ ಗುಬ್ಬಿ ವೀರಣ್ಣನವರು 1930ರ ಆಸುಪಾಸಿನಲ್ಲಿ ಮೂಕಿ ಸಿನಿಮಾನೂ ಮಾಡಿಸಿದ್ರು. 'ಹಿಸ್ ಲವ್ ಅಫೇರ್' ಅದರಲ್ಲೊಂದು. ಮೂಕಿ ಕಾಲದಲ್ಲಿ ಕ್ಯಾಮೆರಾನ ಸಾಮಾನ್ಯವಾಗಿ ಕೈಯಲ್ಲೇ ತಿರುಗಿಸ್ತಿದ್ರು. ವೇಗ ಕ್ಯಾಮೆರಾಮನ್ ಕೈಯಲ್ಲಿ. ನಿಧಾನ ತಿರುಗಿಸಿದ್ರೆ ಕಮ್ಮಿ ಚಿತ್ರ, ಪರದೆ ಮೇಲೆ ಜನ ಓಡೋಡಿ ಬಂದ ಹಾಗೆ ಕಾಣ್ತಾರೆ. ಜೋರಾಗಿ ತಿರುಗಿಸಿದ್ರೆ ಜಾಸ್ತಿ ಚಿತ್ರ, ಅದನ್ನ ಮಾಮೂಲಿ ವೇಗದಲ್ಲಿ ಓಡಿಸಿದ್ರೆ ಎಲ್ಲಾ ನಿಧಾನ.

ಇದೊಂದು ಮಾತು ನೆನಪಿಟ್ಕೊಳ್ಳಿ: ನಿಧಾನ ಅನ್ನೋದು ಪ್ಲೇ ಮಾಡೋವಾಗ ಅಲ್ಲ, ಶೂಟ್ ಮಾಡೋವಾಗ ಹುಟ್ಟೋದು. ಒಂದು ತಿರುವು ಕಾಲು ಸೆಕೆಂಡಿನಲ್ಲಿ ಮುಗಿಯುತ್ತೆ ಅಂದ್ಕೊಳ್ಳಿ. ಸೆಕೆಂಡಿಗೆ 30 ಫ್ರೇಮ್ ಇರೋ ವಿಡಿಯೋದಲ್ಲಿ ಅದಕ್ಕೆ ಸಿಗೋದು ಏಳೆಂಟು ಚಿತ್ರ. 240 ಫ್ರೇಮ್ ಆದ್ರೆ 60 ಚಿತ್ರ. ಮಾಮೂಲಿ ವಿಡಿಯೋನ ಎಷ್ಟೇ ಎಳೆದ್ರೂ ಮಧ್ಯದ ಚಿತ್ರಗಳು ಅದರಲ್ಲಿ ಇಲ್ಲವೇ ಇಲ್ಲ.

ಈಗ ಐಸ್ ಮೇಲೆ ಬರೋಣ. ಸ್ಕೇಟ್‌ನ ಬ್ಲೇಡಿಗೆ ಎರಡು ಅಂಚು, ಒಳಗಿಂದು, ಹೊರಗಿಂದು. ಸ್ಟೆಪ್ ಸೀಕ್ವೆನ್ಸ್ ಅಂದ್ರೆ ಸಂಗೀತಕ್ಕೆ ತಕ್ಕ ಹಾಗೆ ಈ ಅಂಚುಗಳನ್ನ ಬದಲಿಸ್ತಾ, ತಿರುಗ್ತಾ ಹೋಗೋ ಹೆಜ್ಜೆಗಳ ಸಾಲು. ಒಂದೇ ಕಾಲಿನ ತಿರುವಿನಲ್ಲಿ ಆರು ಬಗೆ: ತ್ರೀ ಟರ್ನ್, ಟ್ವಿಜಲ್, ಬ್ರಾಕೆಟ್, ಲೂಪ್, ಕೌಂಟರ್, ರಾಕರ್. ಹೊರ ಅಂಚಲ್ಲಿ ಬಂದು, ಗೆರೆ ಬಾಗಿದ ಕಡೆಗೇ ತಿರುಗಿ, ಹೊರ ಅಂಚಲ್ಲೇ ಆಚೆ ಹೋದ್ರೆ ರಾಕರ್. ಅದೇ ರೀತಿ ತಿರುಗಿ ಒಳ ಅಂಚಿಗೆ ಬಿದ್ರೆ ಅದು ತ್ರೀ ಟರ್ನ್, ಅದಕ್ಕಿಂತ ಸುಲಭ. ಎರಡಕ್ಕೂ ಇರೋ ವ್ಯತ್ಯಾಸ ಬ್ಲೇಡು ಯಾವ ಕಡೆ ವಾಲಿದೆ ಅನ್ನೋದಷ್ಟೇ.

ಹಿಂದೆ ಇದಕ್ಕೆ ಕ್ಯಾಮೆರಾ ಬೇಕಿರಲಿಲ್ಲ. 'ಕಂಪಲ್ಸರಿ ಫಿಗರ್ಸ್' ಅಂತ ಒಂದು ಭಾಗ ಇತ್ತು. ಸ್ಕೇಟರ್‌ಗಳು ಐಸ್ ಮೇಲೆ ವೃತ್ತ, ಎಂಟು ಬಿಡಿಸ್ತಿದ್ರು. ಜಡ್ಜ್‌ಗಳು ಬಗ್ಗಿ ಆ ಗೆರೆ ನೋಡಿ ಅಂಕ ಕೊಡ್ತಿದ್ರು. ನಾನು ಕಾಮರ್ಸ್ ಓದಿದೋನು, ನನಗನ್ನಿಸೋದು: ಆಗ ಐಸೇ ಲೆಡ್ಜರ್. 1990ರ ನಂತರ ಅಂತರರಾಷ್ಟ್ರೀಯ ಸ್ಪರ್ಧೆಗಳಿಂದ ಆ ಭಾಗ ಹೋಯ್ತು. ಉಳಿದಿದ್ದು ಜಡ್ಜ್ ಕಣ್ಣು, ಮತ್ತೆ 6.0ಗೆ ಇಷ್ಟು ಅಂತ ಒಟ್ಟು ಅಂಕ. ಬಿಲ್ಲಲ್ಲಿ ಐಟಂ ಇಲ್ಲ, ಬರೀ ಟೋಟಲ್.

2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್‌ನಲ್ಲಿ ಇದು ಸ್ಫೋಟ ಆಯ್ತು. ಜೋಡಿ ವಿಭಾಗದ ಚಿನ್ನ 5–4 ಮತದಲ್ಲಿ ರಷ್ಯಾಕ್ಕೆ ಹೋಯ್ತು. ಫ್ರಾನ್ಸ್‌ನ ಜಡ್ಜ್ ಮೇಲೆ ಒತ್ತಡ ಇತ್ತು ಅನ್ನೋ ವಿವಾದ ಎದ್ದು, ಕೊನೆಗೆ ಕೆನಡಾ ಜೋಡಿಗೂ ಚಿನ್ನ ಕೊಟ್ರು. 2004ರಲ್ಲಿ ಹೊಸ ಪದ್ಧತಿ ಬಂತು. ಪ್ರತಿ ಐಟಂಗೂ ಬೆಲೆ, ಹೇಗೆ ಮಾಡಿದ್ರು ಅನ್ನೋದಕ್ಕೆ ಬೇರೆ ಅಂಕ. ಯಾವ ಹೆಜ್ಜೆ ಆಯ್ತು ಅಂತ ಗುರುತಿಸೋಕೆ ಟೆಕ್ನಿಕಲ್ ಪ್ಯಾನೆಲ್, ಅದರ ಪಕ್ಕ ರೀಪ್ಲೇ ಆಪರೇಟರ್.

ಕ್ರಿಕೆಟ್ ನೋಡೋರಿಗೆ ಇದು ಹೊಸದಲ್ಲ. 1992ರಲ್ಲಿ ಡರ್ಬನ್ ಟೆಸ್ಟ್‌ನಲ್ಲಿ ಟಿವಿ ರೀಪ್ಲೇ ನೋಡಿ ಮೊದಲು ಔಟ್ ಕೊಟ್ಟಿದ್ದು ನಮ್ಮ ಸಚಿನ್‌ಗೇ, ರನೌಟ್.

ಹಾಗಾದ್ರೆ ನಿಧಾನ ಮಾಡಿದ್ರೆ ನ್ಯಾಯ ಸಿಗುತ್ತಾ? ಅರ್ಧ ಮಾತ್ರ. 2016ರಲ್ಲಿ ಅಮೆರಿಕದ ಸಂಶೋಧಕರು ಗುಂಡು ಹಾರಿಸೋ ಒಂದು ವಿಡಿಯೋನ ಕೆಲವರಿಗೆ ಮಾಮೂಲಿ ವೇಗದಲ್ಲಿ, ಕೆಲವರಿಗೆ ನಿಧಾನವಾಗಿ ತೋರಿಸಿದ್ರು. ನಿಧಾನವಾಗಿ ನೋಡಿದೋರು "ಬೇಕು ಅಂತಲೇ ಹೊಡೆದ" ಅಂದಿದ್ದು ಹೆಚ್ಚು. ಅವನಿಗೆ ಯೋಚಿಸೋಕೆ ಜಾಸ್ತಿ ಟೈಮ್ ಇತ್ತು ಅಂತ ಅವರಿಗೆ ಅನ್ನಿಸಿಬಿಡ್ತು. ನಿಜದಲ್ಲಿ ಇರಲಿಲ್ಲ. ಕಾಲು ಎಲ್ಲಿತ್ತು ಅಂತ ನಿಧಾನದ ವಿಡಿಯೋ ಹೇಳುತ್ತೆ. ಮನಸ್ಸಲ್ಲಿ ಏನಿತ್ತು ಅಂತ ಹೇಳಲ್ಲ. ಸ್ಕೇಟಿಂಗ್‌ನಲ್ಲಿ ಇನ್ನೊಂದು ನಷ್ಟ ಇದೆ: ವೇಗ ಇಳಿಸಿದ್ರೆ ಮೊದಲು ಹೋಗೋದು ತಾಳ. ಹೆಜ್ಜೆ ಸಂಗೀತಕ್ಕೆ ಸರಿಯಾಗಿ ಬಿತ್ತಾ ಅನ್ನೋದನ್ನ ಮಾಮೂಲಿ ವೇಗದಲ್ಲೇ ನೋಡ್ಬೇಕು.

ಅದಕ್ಕೇ ಒಂದು ಕ್ಲಿಪ್ ನೋಡೋವಾಗ ಮೂರು ಸುತ್ತು ಹಾಕಿ. ಮೊದಲು ಪೂರ್ತಿ ವೇಗದಲ್ಲಿ, ಸೌಂಡ್ ಜೊತೆ. ಎರಡನೇ ಸಲ ನಿಧಾನವಾಗಿ, ಒಂದೇ ಕಾಲು ನೋಡಿ: ತಿರುವಿಗೆ ಮುಂಚೆ ಯಾವ ಅಂಚು, ಆಮೇಲೆ ಯಾವ ಅಂಚು. ಮೂರನೇ ಸಲ ಮತ್ತೆ ಪೂರ್ತಿ ವೇಗ. ತೀರ್ಪು ಆಮೇಲೆ.

ಕೊನೆಯದಾಗಿ ಒಂದು ಮಾತು. ಆ ಕ್ಲಿಪ್‌ಗಳನ್ನ ಅಳೆಯೋಕೆ ಸಾಧ್ಯ ಆಗಿರೋದು ಕ್ಯಾಮೆರಾ ಇರೋದ್ರಿಂದ ಮಾತ್ರ ಅಲ್ಲ, ಪ್ರತಿ ತಿರುವಿಗೂ ಒಂದು ಹೆಸರಿರೋದ್ರಿಂದ. ಹೆಸರಿಲ್ದಿದ್ರೆ ವಿಡಿಯೋದಲ್ಲಿ ಕಾಣೋದು ಬರೀ ಕಾಲು. ನಮ್ಮ ವೀರಗಾಸೆ, ನಂದಿಕೋಲು, ಸೋಮನ ಕುಣಿತದಲ್ಲೂ ಹೆಜ್ಜೆ, ತಿರುವು, ವರಸೆ ಎಲ್ಲಾ ಇದೆ. ಜಾತ್ರೆಲಿ ನಾವು ಶೂಟ್ ಮಾಡೋದು ಮುಖ, ವೇಷ, ಜನ. ಮುಂದಿನ ಸಲ ಸ್ಲೋ ಮೋಷನ್ ಹಾಕಿ ಕಾಲನ್ನೂ ಹಿಡೀರಿ. ಆಮೇಲೆ ಆ ಕಲಾವಿದರ ಪಕ್ಕ ಕೂತು, ಅದನ್ನ ಅವರಿಗೇ ತೋರಿಸಿ, "ಯಜಮಾನ್ರೇ, ಈ ಹೆಜ್ಜೆಗೆ ಏನಂತೀರಿ?" ಅಂತ ಕೇಳಿ, ಹೇಳಿದ್ದನ್ನ ರೆಕಾರ್ಡ್ ಮಾಡ್ಕೊಳ್ಳಿ. ವಿಡಿಯೋನ ನಾಳೆ ಯಾರು ಬೇಕಾದ್ರೂ ಮಾಡ್ತಾರೆ. ಹೆಸರು ಹೇಳೋರು ಕಮ್ಮಿ ಆಗ್ತಿದ್ದಾರೆ.