ಗಾಲ್ಫ್ ಹೊಡೆತಕ್ಕೆ ತೋಳುಬಲವೇ ಮುಖ್ಯವೇ? ರೀಲ್ಸ್‌ನಲ್ಲಿ ಹರಿದಾಡುವ ‘ಟ್ರಿಕ್’ಗಳ ನಿಜಾಂಶ

‘ಜೋರಾಗಿ ಬೀಸಿ, ಚೆಂಡು ದೂರ ಹೋಗುತ್ತೆ’, ‘ತಲೆ ಎತ್ತದಿದ್ದರೆ ಹೊಡೆತ ತಪ್ಪಲ್ಲ’, ‘ಪಟ್ಟಿಂಗ್ ಹುಟ್ಟಿನಿಂದ ಬರಬೇಕು’. ಗಾಲ್ಫ್ ಬಗ್ಗೆ ಇಂಥ ಮಾತುಗಳಿರುವ ವಿಡಿಯೊಗಳು ಈಗ ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ಕಾಣಿಸುತ್ತಿವೆ. ನಾಯಕನಹಟ್ಟಿ, ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಹೆಚ್ಚಿನವರಿಗೆ ಗಾಲ್ಫ್ ಎಂದರೆ ಮೊಬೈಲಿನಲ್ಲಿ ನೋಡುವ ಆಟ. ಆದ್ದರಿಂದ ಈ ಮಾತುಗಳು ಸರಿಯೋ ತಪ್ಪೋ ಎಂದು ಪರೀಕ್ಷಿಸುವ ಅವಕಾಶ ಕಡಿಮೆ. ಅವುಗಳಲ್ಲಿ ನಿಜವೆಷ್ಟು ಎಂದು ನೋಡೋಣ.

ಚುಟುಕಾಗಿ ಹೇಳುವುದಾದರೆ: ಸ್ವಿಂಗ್ ಮತ್ತು ಪಟ್ಟಿಂಗ್ ಎರಡೂ ಕಲಿತು ಬರುವ ಕೌಶಲಗಳು. ಆದರೆ ಒಂದು ಟ್ರಿಕ್‌ನಿಂದ ಅಲ್ಲ, ತಪ್ಪು ಎಲ್ಲಿದೆ ಎಂದು ತೋರಿಸಿಕೊಡುವ ತರಬೇತಿಯಿಂದ.

ಮಾತು 1: ತೋಳಿನ ಬಲದಿಂದಲೇ ಚೆಂಡು ದೂರ ಹೋಗುತ್ತದೆ

ಅರ್ಧ ಸತ್ಯ. ಚೆಂಡಿನ ದೂರವನ್ನು ಮುಖ್ಯವಾಗಿ ನಿರ್ಧರಿಸುವುದು ಕ್ಲಬ್‌ನ ತುದಿಯ ವೇಗ ಮತ್ತು ಚೆಂಡು ಕ್ಲಬ್‌ನ ನಡುಭಾಗಕ್ಕೆ ತಗಲುವುದು. ಆ ವೇಗ ಬರೀ ತೋಳಿನಿಂದ ಬರುವುದಿಲ್ಲ. ಪಾದ ನೆಲವನ್ನು ಒತ್ತುತ್ತದೆ, ಸೊಂಟ ತಿರುಗುತ್ತದೆ, ಆಮೇಲೆ ಎದೆ, ತೋಳು, ಮಣಿಕಟ್ಟು, ಕೊನೆಗೆ ಕ್ಲಬ್. ಹೊಲದಲ್ಲಿ ಹಕ್ಕಿ ಓಡಿಸಲು ಕವಣೆ ಬೀಸಿದವರಿಗೆ ಇದು ಹೊಸದಲ್ಲ. ಕೈ ಬಿಗಿ ಹಿಡಿದರೆ ಕಲ್ಲು ದೂರ ಹೋಗುವುದಿಲ್ಲ.

ಬೆಂಗಳೂರಿನ ಅದಿತಿ ಅಶೋಕ್ ಇದಕ್ಕೆ ಒಳ್ಳೆಯ ಉದಾಹರಣೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ, ಚೆಂಡನ್ನು ಕಡಿಮೆ ದೂರ ಹೊಡೆಯುವವರ ಸಾಲಿನಲ್ಲಿದ್ದ ಅವರು ನಾಲ್ಕನೇ ಸ್ಥಾನ ಪಡೆದರು. ನಾಲ್ಕು ದಿನಗಳಲ್ಲಿ 269 ಹೊಡೆತ. ಕಂಚು ಗೆದ್ದ ನ್ಯೂಜಿಲೆಂಡ್‌ನ ಲಿಡಿಯಾ ಕೊ 268. ಒಂದೇ ಹೊಡೆತದ ವ್ಯತ್ಯಾಸ. ದೂರದಲ್ಲಿ ಕಳೆದುಕೊಂಡದ್ದನ್ನು ಅದಿತಿ ಪಟ್ಟಿಂಗ್‌ನಲ್ಲಿ ಗಳಿಸಿಕೊಂಡಿದ್ದರು.

ಹಾಗೆಂದು ‘ದೂರಕ್ಕೆ ಬೆಲೆಯೇ ಇಲ್ಲ’ ಎಂದು ಫಾರ್ವರ್ಡ್ ಮಾಡಬೇಡಿ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಮಾರ್ಕ್ ಬ್ರಾಡಿ ವೃತ್ತಿಪರರ ಹೊಡೆತಗಳನ್ನು ಲೆಕ್ಕ ಹಾಕಿದಾಗ, ಅಗ್ರ ಆಟಗಾರರು ಉಳಿದವರಿಗಿಂತ ಮುಂದಿರುವುದರಲ್ಲಿ ಸುಮಾರು ಮೂರನೇ ಎರಡು ಪಾಲು ದೂರದ ಹೊಡೆತಗಳದ್ದೇ ಎಂದು ಕಂಡುಬಂತು. ಆಟಕ್ಕೆ ಎರಡೂ ಬೇಕು.

ಮಾತು 2: ಚೆಂಡು ಬಲಕ್ಕೆ ಹೋದರೆ ಎಡಕ್ಕೆ ಬೀಸಿ

ತಪ್ಪು. ಹೊಸಬರ ತೊಂದರೆಯನ್ನು ಹೆಚ್ಚಿಸುವ ಸಲಹೆ ಇದು. ಚೆಂಡು ಹೊರಡುವ ದಿಕ್ಕು ಬಹುಪಾಲು ಕ್ಲಬ್‌ನ ಮುಖ, ಅಂದರೆ ಚೆಂಡಿಗೆ ತಗಲುವ ಬದಿ, ಎತ್ತ ನೋಡುತ್ತಿತ್ತು ಎಂಬುದನ್ನು ಅವಲಂಬಿಸಿದೆ. ಕ್ಲಬ್ ಸಾಗುವ ದಾರಿ ಒಂದು ಕಡೆ, ಮುಖ ಇನ್ನೊಂದು ಕಡೆ ಇದ್ದರೆ ಚೆಂಡು ಓರೆಯಾಗಿ ಸುತ್ತುತ್ತ ಗಾಳಿಯಲ್ಲಿ ಬಾಗುತ್ತದೆ. ಬಲಗೈ ಆಟಗಾರ ಎಡಕ್ಕೆ ಬೀಸಿ, ಕ್ಲಬ್‌ನ ಮುಖವನ್ನು ಮೊದಲಿನಂತೆಯೇ ಇಟ್ಟರೆ ಆ ಅಂತರ ಹೆಚ್ಚುತ್ತದೆ, ಚೆಂಡು ಇನ್ನಷ್ಟು ಬಲಕ್ಕೆ ಬಾಗುತ್ತದೆ. ತರಬೇತುದಾರರು ಸಾಮಾನ್ಯವಾಗಿ ಮೊದಲು ನೋಡುವುದು ನೀವು ಕ್ಲಬ್ ಹಿಡಿಯುವ ರೀತಿಯನ್ನು. ಮುಖ ತಿರುಗುವುದು ಅಲ್ಲಿಂದಲೇ ಶುರು.

ಮಾತು 3: ತಲೆ ಎತ್ತಿದ್ದರಿಂದಲೇ ಹೊಡೆತ ತಪ್ಪಿತು

ಪೂರ್ತಿ ನಿಜವಲ್ಲ. ಚೆಂಡು ಮತ್ತು ಕ್ಲಬ್ ಒಂದಕ್ಕೊಂದು ತಗಲಿರುವುದು ಸುಮಾರು 0.0005 ಸೆಕೆಂಡ್ ಮಾತ್ರ. ಚೆಂಡಿನ ನೆತ್ತಿಗೆ ಹೊಡೆಯಲು ಹಲವು ಸಲ ಕಾರಣ ಇಡೀ ದೇಹ ಮೇಲೇಳುವುದು ಅಥವಾ ತೋಳು ಮಡಚಿಕೊಳ್ಳುವುದು. ತಲೆ ಏಳುವುದು ಅದರ ಜೊತೆಗೆ ಬರುವ ಲಕ್ಷಣ. ಸ್ವೀಡನ್‌ನ ದಿಗ್ಗಜೆ ಅನ್ನಿಕಾ ಸೊರೆನ್‌ಸ್ಟಾಮ್ ಚೆಂಡಿಗೆ ಕ್ಲಬ್ ತಗಲುವ ಮೊದಲೇ ತಲೆಯನ್ನು ಗುರಿಯ ಕಡೆ ತಿರುಗಿಸುತ್ತಿದ್ದರು. ತಲೆಯನ್ನು ಬಲವಂತವಾಗಿ ಕೆಳಗೇ ಹಿಡಿದರೆ ದೇಹ ಸಲೀಸಾಗಿ ತಿರುಗುವುದಿಲ್ಲ. ಗಾಲ್ಫ್‌ನಲ್ಲಿ ಹೆಚ್ಚು ಪೆಟ್ಟಾಗುವ ಭಾಗಗಳಲ್ಲಿ ಕೆಳಬೆನ್ನು ಒಂದು. ಹಾಗಾಗಿ ವಿಡಿಯೊ ನೋಡಿ ಜೋರಾಗಿ ಅನುಕರಿಸುವ ಮುನ್ನ ಯೋಚಿಸಿ.

ಮಾತು 4: ಪಟ್ಟಿಂಗ್ ಹುಟ್ಟುಗುಣ

ತಪ್ಪು. ಪಟ್ಟಿಂಗ್ ಎಂದರೆ ನುಣುಪಾದ ಹುಲ್ಲಿನ ಮೇಲೆ ಚೆಂಡನ್ನು ಉರುಳಿಸಿ ಕುಳಿಗೆ ಹಾಕುವುದು. ಕುಳಿಯ ಅಗಲ 10.8 ಸೆಂ.ಮೀ. 3 ಮೀಟರ್ ದೂರದಿಂದ ಚೆಂಡು 1 ಡಿಗ್ರಿ ತಪ್ಪಿ ಹೊರಟರೆ ಕುಳಿಯ ನಡುವಿನಿಂದ ಸುಮಾರು 5 ಸೆಂ.ಮೀ. ಪಕ್ಕಕ್ಕೆ ಹೋಗುತ್ತದೆ, ಅಂದರೆ ಅಂಚಿಗೆ. 2 ಡಿಗ್ರಿ ತಪ್ಪಿದರೆ ಕುಳಿಯನ್ನು ಮುಟ್ಟುವುದೇ ಇಲ್ಲ. ಅಮೆರಿಕದ ವೃತ್ತಿಪರರೇ ಸುಮಾರು 8 ಅಡಿ ದೂರದ ಪಟ್‌ಗಳಲ್ಲಿ ಅರ್ಧದಷ್ಟು ತಪ್ಪಿಸುತ್ತಾರೆ.

ಇದನ್ನು ಕಲಿಸುವ ಬಗ್ಗೆ ಸಂಶೋಧನೆಗಳಿವೆ. ಕೆನಡಾದ ಜೋನ್ ವಿಕರ್ಸ್ 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನುರಿತವರು ಪಟ್ ಹೊಡೆಯುವಾಗ ಕಣ್ಣನ್ನು ಅತ್ತಿತ್ತ ಓಡಿಸದೆ ಚೆಂಡಿನ ಮೇಲೆ ಹೆಚ್ಚು ಹೊತ್ತು ನೆಡುತ್ತಾರೆ ಎಂದು ತಿಳಿಯಿತು. ಗಾಬ್ರಿಯೆಲೆ ವುಲ್ಫ್ ಮತ್ತು ಸಂಗಡಿಗರು 1999ರಲ್ಲಿ ಹೊಸಬರಿಗೆ ಸಣ್ಣ ಹೊಡೆತಗಳನ್ನು ಕಲಿಸಿದರು. ತೋಳಿನ ಚಲನೆಯನ್ನು ಗಮನಿಸಿದವರಿಗಿಂತ ಕ್ಲಬ್‌ನ ಚಲನೆಯನ್ನು ಗಮನಿಸಿದವರು ಚೆನ್ನಾಗಿ ಕಲಿತರು. ‘ಮೊಣಕೈ ಹೀಗಿಡು, ಮಣಿಕಟ್ಟು ಹಾಗಿಡು’ ಎಂದು ಹತ್ತು ಸೂಚನೆ ಕೊಡುವ ವಿಡಿಯೊ ಏಕೆ ಕೆಲಸಕ್ಕೆ ಬರುವುದಿಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಹಾಗಾದರೆ ಕಲಿಯುವುದು ಹೇಗೆ?

‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ಮಾತು ಎಲ್ಲರಿಗೂ ಗೊತ್ತು. ಅಭ್ಯಾಸಕ್ಕೂ ಅದು ಹೊಂದುತ್ತದೆ. ಆದರೆ ತಪ್ಪನ್ನೇ ಸಾವಿರ ಸಲ ಮಾಡಿದರೆ ತಪ್ಪೇ ರೂಢಿಯಾಗುತ್ತದೆ. ಅದಕ್ಕೇ ನೋಡಿ ತಿದ್ದುವವರು ಬೇಕು. ಬಿಡದಿ ಬಳಿಯ ಈಗಲ್‌ಟನ್ ಗಾಲ್ಫ್ ಮೈದಾನದ ಪಕ್ಕದ ಹಳ್ಳಿಯಲ್ಲಿ ಬೆಳೆದ ಚಿಕ್ಕರಂಗಪ್ಪ, ತರಬೇತುದಾರ ವಿಜಯ್ ದಿವೇಚಾ ಅವರ ಕೈಯಲ್ಲಿ ಪಳಗಿ ವೃತ್ತಿಪರ ಆಟಗಾರರಾದರು. ಸಿರಿವಂತರ ಆಟ ಎಂಬ ಹೆಸರಿದ್ದರೂ ಹಳ್ಳಿಯ ಹುಡುಗನಿಗೆ ಅದು ದಕ್ಕಿತು.

ಪಟ್ಟಿಂಗ್‌ನ ಮೊದಲ ಪಾಠವನ್ನು ಮನೆಯಲ್ಲೇ ಮಾಡಬಹುದು:

• ಸಮತಟ್ಟಾದ ನೆಲದಲ್ಲಿ ಎರಡು ಬಾಟಲಿ ಮುಚ್ಚಳಗಳನ್ನು ಒಂದು ಗೇಣು ಅಂತರದಲ್ಲಿಟ್ಟು ನಡುವೆ ಚೆಂಡು ಉರುಳಿಸಿ. ಆಮೇಲೆ ಅಂತರ ಕಡಿಮೆ ಮಾಡುತ್ತ ಹೋಗಿ.
• ಒಂದೇ ದೂರದಿಂದ ಇಪ್ಪತ್ತು ಸಲ ಬೇಡ. ಪ್ರತಿ ಸಲ ದೂರ ಬದಲಿಸಿ.
• ಪಕ್ಕದಿಂದ ಒಮ್ಮೆ, ಹಿಂದಿನಿಂದ ಒಮ್ಮೆ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಒಂದು ಸಲಕ್ಕೆ ಒಂದೇ ತಪ್ಪು ತಿದ್ದಿ.

ಫಾರ್ವರ್ಡ್ ಮಾಡುವ ಮುನ್ನ

ವಿಡಿಯೊ ಯಾವ ತಪ್ಪಿಗೆ ಪರಿಹಾರ ಹೇಳುತ್ತಿದೆ? ಆ ತಪ್ಪು ನಿಮ್ಮದೇ ಎಂದು ಹೇಗೆ ಗೊತ್ತು? ಕೊನೆಗೆ ಏನನ್ನಾದರೂ ಮಾರುತ್ತಿದೆಯೇ? ‘ಎಲ್ಲರಿಗೂ ಒಂದೇ ಟ್ರಿಕ್’ ಎಂದರೆ ಅನುಮಾನಿಸಿ. ಒಬ್ಬರ ಸ್ವಿಂಗ್ ತಿದ್ದುವ ಸಲಹೆ ಇನ್ನೊಬ್ಬರ ಸ್ವಿಂಗ್ ಕೆಡಿಸಬಹುದು.